ಲೀತ್ ಹೆಸರಿನ ಎರಡು ಆಮೆ: ನನ್ನ ಕೈಲಿರುವ ಚಿಪ್ಪಿನ ಚೂರು ಯಾವುದರದ್ದು?

ಹೊಳೆದಂಡೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮೂರು ರಾಯಚೂರು ಜಿಲ್ಲೆಯಲ್ಲಿ, ಕೃಷ್ಣೆಯ ದಂಡೆಗೆ ಇದೆ. ಹೋದ ವಾರ ನೀರು ಇಳಿದಾಗ ಮರಳಿನಲ್ಲಿ ಅಂಗೈ ಉದ್ದದ ಒಂದು ಚೂರು ಸಿಕ್ಕಿತು. ಬಣ್ಣ ಕಡುಕಪ್ಪು. ಕೈಯಲ್ಲಿ ಹಿಡಿದರೆ ಕಲ್ಲು ಹಿಡಿದ ಹಾಗೆ ಭಾರ. ಒಂದು ಬದಿ ನುಣುಪು, ಇನ್ನೊಂದು ಬದಿ ತುಂಬಾ ಸಣ್ಣ ಸಣ್ಣ ಗುಳಿಗಳು. ಒಂದು ತುದಿಯಲ್ಲಿ ಬೆರಳಿನ ಹಾಗೆ ಮೂಳೆ ಹೊರಗೆ ಚಾಚಿದೆ.

ಊರಲ್ಲಿ ಹಿರಿಯರೊಬ್ಬರು "ಇದು ಆಮೆ ಚಿಪ್ಪು, ಕಲ್ಲಾಗಿದೆ, ಲಕ್ಷಾಂತರ ವರ್ಷದ್ದು" ಅಂದರು. ಇನ್ನೊಂದು ಗುಂಪಿನಲ್ಲಿ ಫೋಟೊ ಹಾಕಿದಾಗ ಒಬ್ಬರು "ಲೀಥಿಯೈ" ಅಂತ ಒಂದೇ ಪದ ಬರೆದರು. ಹುಡುಕಿದರೆ ಒಂದು ಕಡೆ ಲೀಥಿಯೈ ಅಂದರೆ ನಮ್ಮ ಹೊಳೆಗಳಲ್ಲೇ ಬದುಕಿರುವ ಮೆದುಚಿಪ್ಪಿನ ಆಮೆ ಅಂತ ಇದೆ. ಇನ್ನೊಂದು ಕಡೆ ಅದೇ ಹೆಸರಿನ ಆಮೆ ಬೊಂಬಾಯಿಯ ಬಂಡೆಯಲ್ಲಿ ಸಿಕ್ಕ ಪಳೆಯುಳಿಕೆ ಅಂತ ಇದೆ. ಒಂದೇ ಆಮೆ ಆರು ಕೋಟಿ ವರ್ಷದಿಂದ ಇದೆಯಾ? ಅಥವಾ ನಾನೇ ತಪ್ಪು ಓದಿದ್ದೇನಾ? ದಯವಿಟ್ಟು ತಿಳಿದವರು ಹೇಳಿ.

ವರ್ಲಿ_ಕನ್ನಡಿಗ

ನೀವು ತಪ್ಪು ಓದಿಲ್ಲ. ಇಲ್ಲಿ ಎರಡು ಬೇರೆ ಬೇರೆ ಆಮೆಗಳಿವೆ. ಲೀತ್ ಅನ್ನುವವರು ಬೊಂಬಾಯಿಯಲ್ಲಿ ವೈದ್ಯರಾಗಿದ್ದವರು. ಅವರ ಗೌರವಕ್ಕೆ ಬೇರೆ ಬೇರೆ ಪ್ರಾಣಿಗಳಿಗೆ ಅದೇ ಹೆಸರು ಇಟ್ಟಿದ್ದಾರೆ.

ಮೊದಲು 1852ರಲ್ಲಿ ಎಚ್. ಜೆ. ಕಾರ್ಟರ್ ಅವರು ಬೊಂಬಾಯಿಯ ಪಳೆಯುಳಿಕೆ ಆಮೆಗೆ ಟೆಸ್ಟುಡೊ ಲೀಥಿಯೈ ಅಂತ ಹೆಸರಿಟ್ಟರು. ಲಾವಾ ಹರಿದು ನಿಂತಾಗ, ಮತ್ತೆ ಲಾವಾ ಬರುವ ಮುಂಚೆ, ನಡುವೆ ಕೆರೆಗಳಾಗಿದ್ದವು. ಆ ಪಳೆಯುಳಿಕೆ ಸಿಕ್ಕಿದ್ದು ಆ ಕೆರೆಗಳ ಕೆಸರು ಗಟ್ಟಿಯಾಗಿ ಕಲ್ಲಾದ ಪದರದಲ್ಲಿ. ಅದೇ ತರಹದ ಪದರದಲ್ಲಿ ಇಲ್ಲಿ ವರ್ಲಿಯಲ್ಲಿ ಪುಟ್ಟ ಕಪ್ಪೆಗಳ ಪಳೆಯುಳಿಕೆಯೂ ಸಿಕ್ಕಿದೆ. ನಾನು ದಿನಾ ವಾಕಿಂಗ್ ಹೋಗುವ ಜಾಗ! ಈಗ ಅಲ್ಲಿ ನೋಡುವುದಕ್ಕೆ ಏನೂ ಉಳಿದಿಲ್ಲ, ಎಲ್ಲಾ ಕಟ್ಟಡ.

ಆಮೇಲೆ 1871ರಲ್ಲಿ ಲಂಡನ್ನಿನ ಜೆ. ಇ. ಗ್ರೇ ಅವರು ಆ ಪಳೆಯುಳಿಕೆ ಬಗ್ಗೆ ಬರೆದರು. ಮರುವರ್ಷ 1872ರಲ್ಲಿ ಅದೇ ಗ್ರೇ ಅವರು ಬದುಕಿರುವ ಮೆದುಚಿಪ್ಪಿನ ಆಮೆಗೆ ಟ್ರಯೊನಿಕ್ಸ್ ಲೀಥಿಯೈ ಅಂತ ಹೆಸರು ಕೊಟ್ಟರು. ಇವತ್ತು ಅದಕ್ಕೆ ನಿಲ್ಸೋನಿಯ ಲೀಥಿಯೈ ಅನ್ನುತ್ತಾರೆ. ಬೊಂಬಾಯಿಯ ಪಳೆಯುಳಿಕೆಗೆ ಕಾರ್ಟರ್ ಅವರ ಹೆಸರಿನಲ್ಲೇ ಹೊಸ ಕುಲ (ಹೆಸರಿನ ಮೊದಲ ಪದ) ಮಾಡಿ ಕಾರ್ಟೆರೆಮಿಸ್ ಲೀಥಿಯೈ ಅಂತ ಕರೆದರು. ಹೆಸರಿನ ಎರಡನೇ ಪದ ಒಂದೇ ಆದರೂ ಇವು ನೆಂಟರೇ ಅಲ್ಲ.

ಇನ್ನೂ ಒಂದಿದೆ. 1869ರಲ್ಲಿ ಗುಂಥರ್ ಅವರು ಬದುಕಿರುವ ಒಂದು ನೆಲದ ಆಮೆಗೂ ಟೆಸ್ಟುಡೊ ಲೀಥಿಯೈ ಅಂತಲೇ ಹೆಸರಿಟ್ಟಿದ್ದರು. ಅದು ಈಜಿಪ್ಟಿನ ಪುಟ್ಟ ಆಮೆ. ಆದರೆ ಎರಡು ಪದವೂ ಸೇರಿ ಅದೇ ಹೆಸರನ್ನು ಕಾರ್ಟರ್ ಅವರು ಆಗಲೇ ಬಳಸಿಬಿಟ್ಟಿದ್ದರು. ಹಾಗಾಗಿ ಆ ಹೆಸರು ಬಿತ್ತು, 1883ರಲ್ಲಿ ಇಟ್ಟ ಟೆಸ್ಟುಡೊ ಕ್ಲೈನ್ಮಾನಿ ಉಳಿಯಿತು. ಸತ್ತು ಕಲ್ಲಾದ ಆಮೆ ಬದುಕಿರುವ ಆಮೆಯ ಹೆಸರು ಕಿತ್ತುಕೊಂಡ ಕಥೆ ಇದು. ನನಗೆ ಬಹಳ ಇಷ್ಟ.

ಮೂಳೆಪೆಟ್ಟಿಗೆ

ವರ್ಲಿಯವರು ಹೆಸರಿನ ಗಂಟು ಚೆನ್ನಾಗಿ ಬಿಡಿಸಿದರು. ಈಗ ಚೂರಿನ ವಿಷಯಕ್ಕೆ ಬರೋಣ. ನಾನು ಪ್ರಾಣಿಗಳ ಮೂಳೆ ನೋಡುವ ಕೆಲಸದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ. ಹೊಳೆದಂಡೆ ಅವರೇ, ಮೊದಲು ಮೂರು ಫೋಟೊ ಹಾಕಿ: ಗುಳಿ ಇರುವ ಬದಿ, ನುಣುಪು ಬದಿ, ಅಂಚು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಚೂರು ಸಿಕ್ಕಿದ್ದು ಸಡಿಲ ಮರಳಿನಲ್ಲಾ, ದಂಡೆಯ ಗಟ್ಟಿ ಮಣ್ಣಿನೊಳಗೆ ಹೂತಿತ್ತಾ, ಅದನ್ನೂ ಬರೆಯಿರಿ. ಇದು ಎಲ್ಲಕ್ಕಿಂತ ಮುಖ್ಯ.

ಅಷ್ಟರಲ್ಲಿ ಒಂದು ಮಾತು. ನೀವು ಕೇಳುತ್ತಿರುವುದು ಎರಡು ಪ್ರಶ್ನೆ, ಒಂದಲ್ಲ. "ಇದು ಯಾವ ಜಾತಿಯ ಆಮೆ?" ಅನ್ನುವುದು ಒಂದು. "ಈ ಮೂಳೆ ಎಷ್ಟು ಹಳೆಯದು?" ಅನ್ನುವುದು ಇನ್ನೊಂದು. ಆಕಾರ ಮೊದಲನೆಯದಕ್ಕೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಮೂಳೆ ಬಿದ್ದಿದ್ದ ಪದರದಿಂದ ಬರಬೇಕು. ಇವೆರಡನ್ನೂ ಕಲಸಿದರೆ ತಪ್ಪು ದಾರಿಗೆ ಹೋಗುತ್ತೇವೆ.

ಕಪ್ಪು ಬಣ್ಣ ನೋಡಿ ಮೋಸ ಹೋಗಬೇಡಿ. ಕೆಸರಿನಲ್ಲಿರುವ ಕಬ್ಬಿಣ, ಮ್ಯಾಂಗನೀಸ್ ಮೂಳೆಗೆ ಹಿಡಿದರೆ ನಿನ್ನೆ ಮೊನ್ನೆ ಸತ್ತ ಪ್ರಾಣಿಯ ಮೂಳೆಯೂ ಸ್ವಲ್ಪ ವರ್ಷದಲ್ಲೇ ಕಪ್ಪಾಗುತ್ತದೆ. ಭಾರವೂ ಹಾಗೆ. ನೀರು ಕುಡಿದ ಮೂಳೆ ಭಾರವೇ. ನಾಲಿಗೆಗೆ ಅಂಟುತ್ತದಾ ನೋಡಿ ಅಂತ ಕೆಲವರು ಹೇಳುತ್ತಾರೆ. ಬಿಸಿಲಿಗೆ ಒಣಗಿದ ಹೊಸ ಮೂಳೆಯೂ ಅಂಟುತ್ತದೆ, ಅದರ ಮೇಲೆ ನಂಬಿಕೆ ಬೇಡ. ದಯವಿಟ್ಟು ಯಾರೂ ಬೆಂಕಿಗೆ ಹಿಡಿದು ವಾಸನೆ ನೋಡುವುದಕ್ಕೆ ಹೋಗಬೇಡಿ.

ವಿಜ್ಞಾನ_ಟೀಚರ್

ಮೇಡಂ, ಮಕ್ಕಳಿಗೆ ಹೇಳಿಕೊಡುವುದಕ್ಕೆ ಕೇಳುತ್ತಿದ್ದೇನೆ. ಆಮೆ ಚಿಪ್ಪಿನ ಮೇಲೆ ಗೆರೆಗಳು ಇರುತ್ತವಲ್ಲಾ, ಅವು ಮೂಳೆಯ ಗೆರೆಗಳಾ? ಪಳೆಯುಳಿಕೆಯಲ್ಲೂ ಅವೇ ಕಾಣುತ್ತವಾ?

ಮೂಳೆಪೆಟ್ಟಿಗೆ

ಒಳ್ಳೆಯ ಪ್ರಶ್ನೆ ಟೀಚರ್. ಗಟ್ಟಿಚಿಪ್ಪಿನ ಆಮೆಯಲ್ಲಿ ಎರಡು ಪದರ ಇರುತ್ತದೆ. ಕೆಳಗೆ ಮೂಳೆ. ಮೇಲೆ ನಮ್ಮ ಉಗುರಿನಂಥ ಹಾಳೆಗಳು. ನೆಲಕ್ಕೆ ಕಡಪಾ ಕಲ್ಲು ಹಾಸಿ ಅದರ ಮೇಲೆ ಚಾಪೆಗಳನ್ನು ಹಾಸಿದ್ದೀರಿ ಅಂದುಕೊಳ್ಳಿ. ಕಲ್ಲಿನ ಸಂದು ಒಂದು ಕಡೆ ಬರುತ್ತದೆ, ಚಾಪೆಯ ಅಂಚು ಇನ್ನೊಂದು ಕಡೆ. ಎರಡೂ ಒಂದರ ಮೇಲೊಂದು ಕೂರುವುದಿಲ್ಲ, ಹಾಗಿರುವುದಕ್ಕೇ ಚಿಪ್ಪು ಗಟ್ಟಿ.

ಆಮೆ ಸತ್ತ ಮೇಲೆ ಉಗುರು ಹಾಳೆ ಕಳಚಿ ಕೊಳೆತುಹೋಗುತ್ತದೆ. ಆದರೆ ಅದರ ಅಂಚು ಕೂತಿದ್ದ ಕಡೆ ಮೂಳೆಯ ಮೇಲೆ ನಯವಾದ ಗೀರು ಉಳಿಯುತ್ತದೆ. ಮೂಳೆ ಮೂಳೆ ಸೇರುವ ಕಡೆ ಅಂಕುಡೊಂಕಾದ ಗರಗಸದಂಥ ಹೊಲಿಗೆ ಇರುತ್ತದೆ. ಪಳೆಯುಳಿಕೆ ಚಿಪ್ಪಿನಲ್ಲಿ ಈ ಎರಡೂ ಗೆರೆಗಳನ್ನು ಬೇರೆ ಬೇರೆಯಾಗಿ ಓದಬೇಕು. ಹೊಸದಾಗಿ ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಗೀರನ್ನು ಹೊಲಿಗೆ ಅಂದುಕೊಂಡು ಮೂಳೆ ಎಣಿಸುತ್ತಾರೆ, ಜಾತಿಯೇ ತಪ್ಪಿಹೋಗುತ್ತದೆ.

ಚಿಪ್ಪಿನ ಮೇಲೆ ಉಗುರು ಹಾಳೆ ಇನ್ನೂ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಅದು ಈಚಿನದು.

ಮೆದುಚಿಪ್ಪಿನ ಆಮೆಗೆ ಈ ಹಾಳೆಗಳೇ ಇಲ್ಲ. ಮೂಳೆಯ ಮೇಲೆ ಚರ್ಮ ಅಷ್ಟೇ. ಹಾಗಾಗಿ ಅದರ ಮೂಳೆಯ ಮೇಲೆ ಗೀರು ಇರುವುದೇ ಇಲ್ಲ. ಬದಲಿಗೆ ಗುಳಿ, ಗೆರೆ, ಬಲೆಯಂಥ ಕೆತ್ತನೆ ಇರುತ್ತದೆ. ಹೆಚ್ಚಿನವಕ್ಕೆ ಚಿಪ್ಪಿನ ಸುತ್ತ ಅಂಚಿನ ಮೂಳೆಗಳೂ ಇಲ್ಲ. ಅದಕ್ಕೇ ಪಕ್ಕೆಲುಬಿನ ತುದಿಗಳು ಹೊರಗೆ ಚಾಚಿಕೊಂಡಿರುತ್ತವೆ. ಹೊಳೆದಂಡೆ ಅವರು "ಬೆರಳಿನ ಹಾಗೆ" ಅಂದಿದ್ದು ಅದೇ ಇರಬೇಕು.

ಹೊಳೆದಂಡೆ

ಫೋಟೊ ಹಾಕಿದ್ದೇನೆ ಅಕ್ಕ. ಗೀರು ಒಂದೂ ಇಲ್ಲ. ಗುಳಿಗಳು ಮೀನುಬಲೆಯ ಕಣ್ಣಿನ ಹಾಗೆ ಸಾಲಾಗಿವೆ. ಸಿಕ್ಕಿದ್ದು ಸಡಿಲ ಮರಳಿನ ಮೇಲೆ. ಅಲ್ಲಿಂದ ಇಪ್ಪತ್ತು ಹೆಜ್ಜೆ ಮೇಲೆ ಗಟ್ಟಿ ಸುಣ್ಣಕಲ್ಲು ಕೂಡಿದ ಹಳೇ ಮಣ್ಣಿನ ದಂಡೆ ಇದೆ. ಅಲ್ಲಿಂದ ಉದುರಿರಬಹುದು ಅಂತ ನನ್ನ ಆಸೆ.

ಸುರಪುರ_ಸೀಮೆ

ಆಸೆ ಇಟ್ಟುಕೊಂಡಿದ್ದರಲ್ಲಿ ತಪ್ಪಿಲ್ಲರೀ. ನಮ್ಮ ಹುಣಸಗಿ ಕಣಿವೆಯಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರು ದಶಕಗಟ್ಟಲೆ ಕೆಲಸ ಮಾಡಿ ಹಳೆ ಶಿಲಾಯುಗದ ನೆಲೆಗಳನ್ನು ಹುಡುಕಿದರು. ಇಸಾಂಪುರದಲ್ಲಿ ಸಿಕ್ಕ ಪ್ರಾಣಿ ಹಲ್ಲಿನ ಮೇಲೆ ಪರೀಕ್ಷೆ ನಡೆಸಿದಾಗ ಸುಮಾರು 12 ಲಕ್ಷ ವರ್ಷ ಅಂತ ಬಂತು. ಕೃಷ್ಣಾ ಕಣಿವೆಯಲ್ಲಿ ಅಷ್ಟು ಹಳೆಯ ಮೂಳೆ ಉಳಿಯುತ್ತದೆ ಅನ್ನುವುದಂತೂ ನಿಜ.

ಮೂಳೆಪೆಟ್ಟಿಗೆ

ಹೌದು, ನಿಜ. ಅದಕ್ಕೇ ನಾನು ಪದರ ಕೇಳಿದ್ದು.

ಈಗ ಜಾತಿ. ಫೋಟೊ ನೋಡಿದೆ. ಇದು ಮೆದುಚಿಪ್ಪಿನ ಆಮೆಯ ಬೆನ್ನುಚಿಪ್ಪಿನ ಪಕ್ಕೆಲುಬು ಹಲಗೆ. ಅನುಮಾನ ಇಲ್ಲ. ಹಾಗಾಗಿ ಬೊಂಬಾಯಿಯ ಕಾರ್ಟೆರೆಮಿಸ್ ಅಲ್ಲವೇ ಅಲ್ಲ. ಯಾಕೆ ಅಂತ ಹೇಳುತ್ತೇನೆ, ಇದು ನನಗೆ ತುಂಬಾ ಪ್ರೀತಿಯ ವಿಷಯ.

ಇವತ್ತು ನಮ್ಮ ದೇಶದ ಹೊಳೆ, ಕೆರೆಗಳಲ್ಲಿ ಹುಟ್ಟಿ ಬೆಳೆಯುವ ಎಲ್ಲಾ ಆಮೆಗಳೂ ಕುತ್ತಿಗೆಯನ್ನು ನೇರವಾಗಿ ಚಿಪ್ಪಿನೊಳಕ್ಕೆ ಎಳೆದುಕೊಳ್ಳುವ ಗುಂಪಿನವು. ಆದರೆ ಬೊಂಬಾಯಿಯ ಆಮೆ ಕುತ್ತಿಗೆಯನ್ನು ಪಕ್ಕಕ್ಕೆ ಮಡಚುವ ಗುಂಪಿನದು. ಆ ಗುಂಪು ಇವತ್ತು ಆಫ್ರಿಕಾ, ಮಡಗಾಸ್ಕರ್, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ಕಡೆ ಮಾತ್ರ ಬದುಕಿದೆ. ನಮ್ಮಲ್ಲಿ ಒಂದೂ ಇಲ್ಲ. ಆದರೆ ಡೈನೊಸಾರ್ ಕಾಲದ ಕೊನೆಯಲ್ಲಿ ಇಲ್ಲಿ ಇದ್ದವು. ತಮಿಳುನಾಡಿನ ಅರಿಯಲೂರು ಕಡೆ ಕಲ್ಲಮೇಡುವಿನಲ್ಲಿ ಸಿಕ್ಕಿದ್ದಕ್ಕೆ 2001ರಲ್ಲಿ ಕೂರ್ಮಡೆಮಿಸ್ ಕಲ್ಲಮೇಡೆನ್ಸಿಸ್ ಅಂತ ಹೆಸರಿಟ್ಟರು. ನಮ್ಮ ಕೂರ್ಮಾವತಾರದ ಕೂರ್ಮವೇ ಅದು. 2003ರಲ್ಲಿ ಬೊಂಬಾಯಿಯ ಪದರದಿಂದಲೇ ಇನ್ನೊಂದು ಬಂತು, ಶಂಕುಕೆಮಿಸ್ ಸೇಥ್ನೈ.

ಕುತ್ತಿಗೆ ಕಲ್ಲಿನಲ್ಲಿ ಉಳಿಯುವುದು ಅಪರೂಪ. ಹಾಗಾದರೆ ಚಿಪ್ಪು ನೋಡಿ ಹೇಗೆ ಹೇಳುವುದು? ಸೊಂಟದ ಮೂಳೆ ನೋಡಬೇಕು. ಪಕ್ಕಕ್ಕೆ ಮಡಚುವ ಗುಂಪಿನಲ್ಲಿ ಸೊಂಟದ ಮೂಳೆ ಬೆನ್ನುಚಿಪ್ಪಿಗೂ ಹೊಟ್ಟೆಚಿಪ್ಪಿಗೂ ಗಟ್ಟಿಯಾಗಿ ಬೆಸೆದುಕೊಂಡಿರುತ್ತದೆ. ಮೂಳೆ ಮುರಿದು ಹೋಗಿದ್ದರೂ ಹೊಟ್ಟೆಚಿಪ್ಪಿನ ಒಳಬದಿ ಅದರ ಕಲೆ ಇರುತ್ತದೆ. ನಮ್ಮ ಇವತ್ತಿನ ಕೆರೆ ಆಮೆಯಲ್ಲಿ ಸೊಂಟ ಹಾಗೆ ಬೆಸೆದಿರುವುದಿಲ್ಲ. ಇನ್ನೊಂದು ಗುರುತು, ಹೊಟ್ಟೆಚಿಪ್ಪಿನ ಮುಂಭಾಗದಲ್ಲಿ ಒಂದು ಹಾಳೆ ಜಾಸ್ತಿ ಇರುತ್ತದೆ. ಸಾಮಾನ್ಯ ಕೆರೆ ಆಮೆಗೆ ಹೊಟ್ಟೆಯ ಮೇಲೆ ಹನ್ನೆರಡು ಹಾಳೆ, ಇವಕ್ಕೆ ಹದಿಮೂರು.

ಹಾಗಾಗಿ ನಮ್ಮ ನಾಡಿನಲ್ಲಿ ಯಾವುದಾದರೂ ಬಂಡೆಯಿಂದ ಸೊಂಟ ಬೆಸೆದ ಆಮೆ ಚಿಪ್ಪು ಬಂದರೆ ಅದು ಈಗಿನ ನಮ್ಮ ಆಮೆ ಆಗಿರುವುದಕ್ಕೆ ಸಾಧ್ಯವಿಲ್ಲ. ಕಣ್ಣು ಮುಚ್ಚಿ ಹೇಳಬಹುದು. ಇಷ್ಟು ಸಲೀಸಾದ ಉತ್ತರ ಯಾವಾಗಲೂ ಸಿಗುವುದಿಲ್ಲ.

ಚಂಡೀಗಢದಿಂದ

ಸಲೀಸಾಗಿ ಸಿಗದ ಕಡೆಯ ಮಾತು ನಾನು ಹೇಳುತ್ತೇನೆ. ಕೆಲಸದ ಮೇಲೆ ಇಲ್ಲಿಗೆ ಬಂದು ಹತ್ತು ವರ್ಷ ಆಯ್ತು. ರಜೆ ಬಂದರೆ ಹಿಮಾಲಯದ ತಪ್ಪಲಿನ ಶಿವಾಲಿಕ್ ಗುಡ್ಡ ಸುತ್ತುತ್ತೇನೆ. ಇಲ್ಲಿ ಕೆಲವು ಪದರದಲ್ಲಿ ಆಮೆ ಚಿಪ್ಪಿನ ಚೂರು ಎಷ್ಟು ಸಾಮಾನ್ಯ ಅಂದರೆ ಹೆಂಚಿನ ಚೂರಿನ ಹಾಗೆ ಬಿದ್ದಿರುತ್ತದೆ.

1830ರ ದಶಕದಲ್ಲಿ ಫಾಲ್ಕನರ್ ಮತ್ತು ಕಾಟ್ಲಿ ಇಲ್ಲಿ ಪಳೆಯುಳಿಕೆ ಕೂಡಿಸಿದರು. ಕಾಟ್ಲಿ ಅಂದರೆ ಗಂಗಾ ಕಾಲುವೆ ಕಟ್ಟಿಸಿದ ಎಂಜಿನಿಯರ್. ಅವರಿಗೆ ಬಹಳ ದೊಡ್ಡ ನೆಲದ ಆಮೆ ಸಿಕ್ಕಿತು, ಅದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ಆಮೆ. ಫಾಲ್ಕನರ್ ಅದನ್ನು ಗಂಗೆಯಲ್ಲಿ ಇವತ್ತೂ ಈಜುವ ಚಾವಣಿ ಆಮೆಯ ಪಕ್ಕ ಇಟ್ಟು ನೋಡಿದರು. ವ್ಯತ್ಯಾಸ ಕಾಣಲಿಲ್ಲ. ಅದೇ ಜಾತಿ ಅಂದರು. ಈಗ ಪಂಗ್ಶುರ ಟೆಕ್ಟ ಅನ್ನುತ್ತಾರಲ್ಲ, ಅದು. ಜಿರಾಫೆಯ ನೆಂಟ, ಆನೆ ಗಾತ್ರದ ಶಿವಾಥೀರಿಯಂ ಅಳಿದುಹೋಯಿತು, ಈ ಬೊಗಸೆ ಗಾತ್ರದ ಆಮೆ ಉಳಿಯಿತು.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2010ರಲ್ಲಿ ಜಾಯ್ಸ್ ಮತ್ತು ಲೈಸನ್ ಪಾಕಿಸ್ತಾನದ ಕಡೆಯ ಶಿವಾಲಿಕ್‌ನ ಪ್ಲಿಯೊಸೀನ್ ಕಾಲದ (ಸುಮಾರು 53ರಿಂದ 26 ಲಕ್ಷ ವರ್ಷದ ಹಿಂದಿನ) ಆಮೆಯೊಂದನ್ನು ಪರಿಶೀಲಿಸಿ ಅದು ಈಗಿನ ನಾಲ್ಕು ಪಂಗ್ಶುರಗಳಲ್ಲಿ ಯಾವುದೂ ಅಲ್ಲ, ಅಳಿದ ಐದನೆಯದು ಅಂತ ತೋರಿಸಿದರು. ಟಟ್ರೋಟ್ ಪದರದ್ದು, ಅದಕ್ಕೆ ಪಂಗ್ಶುರ ಟಟ್ರೋಟಿಯ. ಅಂದರೆ ಒಂದೇ ಕುಲದಲ್ಲಿ ಅಳಿದವೂ ಇವೆ, ಉಳಿದವೂ ಇವೆ. ದೂರದಿಂದ ನೋಡಿದರೆ ಎಲ್ಲಾ ಒಂದೇ.

ವಿಜ್ಞಾನ_ಟೀಚರ್

ಸರ್, ಪಂಗ್ಶುರ ಅಂತ ಮೊದಲಿಗೆ ಗುರುತು ಹಿಡಿಯುವುದು ಹೇಗೆ?

ಚಂಡೀಗಢದಿಂದ

ಬೆನ್ನ ನಡುಸಾಲಿನ ಹಾಳೆಗಳ ಗೀರು ನೋಡಿ. ಮೇಡಂ ಹೇಳಿದ ಚಾಪೆಯ ಅಂಚು. ನಾಲ್ಕನೇ ಹಾಳೆ ತುಂಬಾ ಉದ್ದ, ಮುಂದಕ್ಕೆ ಬಾಟಲಿಯ ಕುತ್ತಿಗೆಯ ಹಾಗೆ ಕಿರಿದಾಗುತ್ತದೆ. ಅದೊಂದೇ ಹಾಳೆ ಕೆಳಗಿನ ನಾಲ್ಕೈದು ಮೂಳೆಯ ಮೇಲೆ ಹರಡಿರುತ್ತದೆ. ಚಿಪ್ಪು ಮನೆಯ ಮಾಡಿನ ಹಾಗೆ ನಡುವೆ ಎತ್ತರ. ನಮ್ಮ ಕರ್ನಾಟಕದ ಕರಿ ಕೆರೆ ಆಮೆ ಮೆಲನೊಕೆಲಿಸ್ ಟ್ರೈಜುಗ ಹಾಗಿಲ್ಲ. ಅದಕ್ಕೆ ಬೆನ್ನ ಮೇಲೆ ಮೂರು ಏಣು, ಹೆಸರಿನಲ್ಲೇ ಮೂರು ಇದೆ. ಆದರೆ ಒಂದು ಎಚ್ಚರ. ಮರಿ ಮತ್ತು ಮುದಿ ಆಮೆ ಬೇರೆ ಬೇರೆ ಕಾಣುತ್ತವೆ. ಏಣು ವಯಸ್ಸಾದಂತೆ ಸವೆಯುತ್ತದೆ. ಗಂಡು ಹೆಣ್ಣಿನ ಗಾತ್ರದಲ್ಲೂ ವ್ಯತ್ಯಾಸ. ಹಿಂದಿನವರು ಒಂದೊಂದು ಚೂರಿಗೂ ಒಂದೊಂದು ಹೊಸ ಹೆಸರು ಕೊಟ್ಟದ್ದಕ್ಕೆ ಅರ್ಧ ಕಾರಣ ಇದೇ ಅಂತ ನನ್ನ ಅನಿಸಿಕೆ. 1885ರಲ್ಲಿ ಲಿಡೆಕರ್ ಶಿವಾಲಿಕ್ ಆಮೆಗಳ ಮೇಲೆ ದೊಡ್ಡ ಕೆಲಸ ಮಾಡಿದರು. ಆಗ ಇಟ್ಟ ಹೆಸರುಗಳನ್ನು ಜನ ಇವತ್ತಿಗೂ ಮತ್ತೆ ಮತ್ತೆ ಸರಿಪಡಿಸುತ್ತಿದ್ದಾರೆ.

ಮೂಳೆಪೆಟ್ಟಿಗೆ

ಇದಕ್ಕೆ ಔಷಧಿ ಒಂದೇ. ಇವತ್ತಿನ ಆಮೆಗಳ ಮೂಳೆಗಳು ಪಕ್ಕದಲ್ಲಿ ಇರಬೇಕು. ಒಂದೊಂದು ಜಾತಿಯಲ್ಲಿ ಮರಿ, ಗಂಡು, ಹೆಣ್ಣು, ಮುದಿ, ಎಲ್ಲಾ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದ ಮೂಳೆಗಳನ್ನು ಗುರುತಿಸಿದ ಕೆ. ಆರ್. ಆಲೂರರು ಪಶುವೈದ್ಯರು. ದಿನವೂ ಬದುಕಿರುವ ಪ್ರಾಣಿ ನೋಡುತ್ತಿದ್ದ ಕೈ ಅದು. ಬದುಕಿರುವುದನ್ನು ಸರಿಯಾಗಿ ತಿಳಿಯದೆ ಸತ್ತದ್ದನ್ನು ಹೆಸರಿಸಲು ಆಗುವುದಿಲ್ಲ.

ಹೊಳೆದಂಡೆ ಅವರ ಚೂರಿಗೆ ವಾಪಸ್ ಬರುತ್ತೇನೆ. ನಿಮ್ಮ ಕಡೆ ಮೆದುಚಿಪ್ಪಿನವು ಅಂದರೆ ಮುಖ್ಯವಾಗಿ ಎರಡು. ಒಂದು ಎಲ್ಲಾ ಕೆರೆ, ಗದ್ದೆಯಲ್ಲಿ ಕಾಣುವ ಮುಚ್ಚಳದ ಆಮೆ, ಲಿಸೆಮಿಸ್ ಪಂಕ್ಟೇಟ. ಹಿಂಗಾಲು ಒಳಗೆಳೆದು ಮುಚ್ಚಳ ಹಾಕಿಕೊಳ್ಳುತ್ತದೆ. ಅದರ ಮೂಳೆಯ ಮೇಲೆ ರಾಗಿ ಕಾಳು ಅಂಟಿಸಿದಂಥ ಸಣ್ಣ ಗುಳ್ಳೆಗಳು. ಚಿಪ್ಪಿನ ಹಿಂಭಾಗದ ಅಂಚಿನಲ್ಲಿ ಬಿಡಿ ಬಿಡಿ ಪುಟ್ಟ ಮೂಳೆಗಳೂ ಇರುತ್ತವೆ. ನಮ್ಮ ಬೇರೆ ಮೆದುಚಿಪ್ಪಿನವಕ್ಕೆ ಅವು ಇಲ್ಲ. ನಿಮ್ಮದರಲ್ಲಿ ಗುಳ್ಳೆ ಅಲ್ಲ, ಬಲೆಯಂಥ ಗುಳಿ. ಗಾತ್ರವೂ ದೊಡ್ಡದು. ಹಾಗಾಗಿ ನಿಲ್ಸೋನಿಯ, ನಿಮ್ಮ ಹೊಳೆಯಲ್ಲಿ ಅಂದರೆ ಲೀಥಿಯೈ. ಪೂರ್ತಿ ಚಿಪ್ಪು ಸಿಕ್ಕಿದ್ದರೆ ಇನ್ನೊಂದು ಪರೀಕ್ಷೆ ಮಾಡಬಹುದಿತ್ತು. ಮೊದಲ ಜೋಡಿ ಪಕ್ಕೆಲುಬು ಹಲಗೆಗಳ ನಡುವೆ ಬೆನ್ನಸಾಲಿನ ಮೂಳೆ ಎರಡಿರುತ್ತವೆ, ಒಂದಲ್ಲ.

ಇನ್ನು ವಯಸ್ಸು. ಅಂಚಿನ ಫೋಟೊದಲ್ಲಿ ಹೊಲಿಗೆಯ ಹಲ್ಲುಗಳ ನಡುವೆ ಕಂದು ಬಣ್ಣದ ಒಣ ಪೊರೆ ಕಾಣುತ್ತಿದೆ. ದಪ್ಪ ಮಾಡಿ ಇನ್ನೊಂದು ಫೋಟೊ ತೆಗೆಯುತ್ತೀರಾ? ಪಿನ್ನಿನಿಂದ ಮೆಲ್ಲಗೆ ಮುಟ್ಟಿ ನೋಡಿ. ಬಾಗುತ್ತದಾ, ಪುಡಿಯಾಗುತ್ತದಾ?

ಹೊಳೆದಂಡೆ

ಬಾಗುತ್ತದೆ ಅಕ್ಕ. ಒಣಗಿದ ಚರ್ಮದ ಹಾಗಿದೆ. ಮೂರು ದಿನ ನೆರಳಲ್ಲಿ ಒಣಗಿಸಿದ ಮೇಲೆ ತೂಕವೂ ಕಡಿಮೆಯಾಗಿದೆ.

ಮೂಳೆಪೆಟ್ಟಿಗೆ

ಹಾಗಾದರೆ ಇದು ಪಳೆಯುಳಿಕೆ ಅಲ್ಲ ತಮ್ಮಾ. ಕೆಲವೇ ವರ್ಷಗಳ ಹಿಂದೆ ಬದುಕಿದ್ದ ಆಮೆ.

ಹೊಳೆದಂಡೆ

ನಿಜ ಹೇಳಬೇಕೆಂದರೆ ಬೇಜಾರಾಯ್ತು. ಮಣ್ಣಿನ ಡೇಟಿಂಗು, ಕಾರ್ಬನ್ನು ಅಂತೆಲ್ಲಾ ಓದಿಟ್ಟುಕೊಂಡಿದ್ದೆ.

ಮೂಳೆಪೆಟ್ಟಿಗೆ

ಕಾರ್ಬನ್ ಪರೀಕ್ಷೆ ಸುಮಾರು 50,000 ವರ್ಷದವರೆಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಇದಕ್ಕೆ ಅದೂ ಬೇಕಿಲ್ಲ. ಆದರೆ ಬೇಜಾರು ಮಾಡಿಕೊಳ್ಳಬೇಡಿ. ಲೀತ್ ಆಮೆ ನಮ್ಮ ದಕ್ಷಿಣದ ಹೊಳೆಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಈಗ ಅಳಿವಿನ ತುತ್ತತುದಿಯಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಮಾಂಸಕ್ಕೆ ಹಿಡಿಯುತ್ತಾರೆ, ಮರಳು ತೆಗೆದು ಮೊಟ್ಟೆ ಇಡುವ ದಂಡೆ ಹಾಳಾಗಿದೆ. ನನ್ನ ಪೆಟ್ಟಿಗೆಯಲ್ಲಿ ಕೂರ್ಮಡೆಮಿಸ್ ಚಿತ್ರಗಳಿವೆ, ಶಿವಾಲಿಕ್ ಚೂರುಗಳ ಅಚ್ಚುಗಳಿವೆ. ಲೀತ್ ಆಮೆಯ ಒಂದು ಒಳ್ಳೆಯ ಮೂಳೆ ಇಲ್ಲ. ನಿಮ್ಮ ಹೊಳೆಯ ಆ ಭಾಗದಲ್ಲಿ ಅದು ಈಚೆಗೆ ಬದುಕಿತ್ತು ಅನ್ನುವುದಕ್ಕೆ ಈ ಚೂರು ಸಾಕ್ಷಿ.

ಒಂದು ಕೆಲಸ ಮಾಡಿ. 1972ರ ವನ್ಯಜೀವಿ ಕಾಯ್ದೆ ಪ್ರಾಣಿಯ ಮೂಳೆ, ಚಿಪ್ಪಿಗೂ ಅನ್ವಯವಾಗುತ್ತದೆ, ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಎಲ್ಲಿ, ಯಾವತ್ತು ಸಿಕ್ಕಿತು ಅಂತ ಚೀಟಿ ಬರೆದು, ಅಳತೆ ತೆಗೆದು, ಅರಣ್ಯ ಇಲಾಖೆಯವರಿಗೆ ಕೊಡಿ. ಮೇಲಿನ ಗಟ್ಟಿ ದಂಡೆಯನ್ನು ಅಗೆಯಬೇಡಿ. ಅಲ್ಲಿ ಏನಾದರೂ ಹೂತಿರುವುದು ಕಂಡರೆ ಇದ್ದ ಹಾಗೇ ಫೋಟೊ ತೆಗೆದು ಇಲ್ಲಿ ಹಾಕಿ. ಕಿತ್ತ ಮೇಲೆ ಪದರದ ಸಾಕ್ಷಿ ಹೋಗಿಬಿಡುತ್ತದೆ.

ವರ್ಲಿ_ಕನ್ನಡಿಗ

ಅಂತೂ ಆ ಗುಂಪಿನಲ್ಲಿ "ಲೀಥಿಯೈ" ಅಂತ ಒಂದೇ ಪದ ಬರೆದವರು ಸರಿಯಾಗೇ ಹೇಳಿದ್ದರು. ಯಾವ ಲೀಥಿಯೈ ಅಂತ ಹೇಳಲಿಲ್ಲ ಅಷ್ಟೇ. ಕುಲದ ಹೆಸರು ಬಿಟ್ಟು ಬರೆಯಬಾರದು.

ಬಲೆಯವ

ನಾನೂ ಕೃಷ್ಣೆಯವನೇ, ಹೊಳೆದಂಡೆ ಅವರ ಊರಿಂದ ಕೆಳಗೆ. ನಮ್ಮ ಮನೆತನದ್ದು ಮೀನು ಹಿಡಿಯುವ ಕೆಲಸ. ಫೋಟೊ ನೋಡಿ ಅಪ್ಪನಿಗೆ ತೋರಿಸಿದೆ. ತಲೆ ಹಸಿರು, ನೆತ್ತಿ ಮೇಲೆ ಉದ್ದಕ್ಕೆ ಕರಿ ಗೆರೆ ಇರುವ ದೊಡ್ಡ ಆಮೆನಾ ಅಂತ ಕೇಳಿದ. ಮರಿಗೆ ಬೆನ್ನ ಮೇಲೆ ನಾಲ್ಕು ಕಣ್ಣಿನಂಥ ಗುರುತು ಇರುತ್ತದೆ ಅಂತಾನೂ ಅಂದ. ಅಪ್ಪ ಹುಡುಗನಾಗಿದ್ದಾಗ ಬಲೆಗೆ ಬೀಳುತ್ತಿದ್ದವಂತೆ. ನಾನು ನೋಡಿದ್ದು ಎರಡೇ ಸಲ.

ಮೂಳೆಪೆಟ್ಟಿಗೆ

ಅಣ್ಣಾ, ಅದೇ ಆಮೆ! ಹಸಿರು ತಲೆ, ಕರಿ ಗೆರೆ, ಮರಿಯ ನಾಲ್ಕು ಕಣ್ಣು, ಎಲ್ಲಾ ಲೀತ್ ಆಮೆಯ ಗುರುತೇ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ. ಎರಡು ಸಲ ನೋಡಿದ್ದು ಯಾವ ವರ್ಷ, ಎಲ್ಲಿ? ಜಾಗದ ಹೆಸರನ್ನು ಇಲ್ಲಿ ಎಲ್ಲರ ಮುಂದೆ ಬರೆಯಬೇಡಿ, ಹಿಡಿಯುವವರೂ ಓದುತ್ತಿರಬಹುದು. ನನಗೆ ಖಾಸಗಿಯಾಗಿ ಕಳಿಸಿ.

ಬಲೆಯವ

ಕಳಿಸಿದ್ದೇನೆ ಅಕ್ಕಾರೆ. ಎರಡನೇ ಸಲ ನೋಡಿದ್ದು ಹೋದ ಮಳೆಗಾಲ ಮುಗಿದ ಮೇಲೆ. ಒಂದು ಮಡು ಇದೆ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಬೆಳಗಿನ ಜಾವ ಮೂಗು ಮಾತ್ರ ಮೇಲೆ ಬಂದು ಹೋಗುತ್ತದೆ. ಹೊಳೆದಂಡೆ ತಮ್ಮಾ, ಶನಿವಾರ ನಸುಕಿಗೆ ಬಂದರೆ ಕರೆದುಕೊಂಡು ಹೋಗುತ್ತೇನೆ. ಅವತ್ತು ಆ ಕಡೆ ಬಲೆ ಹಾಕುವುದಿಲ್ಲ.

ಹೊಳೆದಂಡೆ

ಬರುತ್ತೇನೆ ಅಣ್ಣ. ಚೂರನ್ನು ಇವತ್ತು ಮಧ್ಯಾಹ್ನ ಚೀಟಿ ಸಮೇತ ಅರಣ್ಯ ಇಲಾಖೆಯ ಕಚೇರಿಗೆ ಕೊಟ್ಟು ಬಂದೆ. ಉದ್ದ 14 ಸೆಂಟಿಮೀಟರ್ ಇತ್ತು. ಮಡುವಿಗೆ ಐದು ಗಂಟೆಗೆ ಬಂದರೆ ಸಾಕಾ, ಇನ್ನೂ ಮುಂಚೆ ಬರಬೇಕಾ?

ಬಲೆಯವ

ನಾಲ್ಕೂವರೆಗೆ ಬಾ. ಟಾರ್ಚ್ ಬೇಡ.